ಇನ್ನೂರು ಗಜದ ಗೆರೆ: ಮೊಂಟಾನಾದಲ್ಲಿ ಎಂಟು ದಿನ

ಮೊದಲ ದಿನ, ಸೋಮವಾರ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಜಿಂಕೆ ಮತ್ತು ಜಿಂಕೆಯ ಜಾತಿಯದೇ ದೊಡ್ಡ ಪ್ರಾಣಿಯಾದ ಎಲ್ಕ್‌ಗಳ ರೈಫಲ್ ಬೇಟೆಯ ಋತು ಅಕ್ಟೋಬರ್ ಕೊನೆಯ ಭಾಗದ ಒಂದು ಶನಿವಾರ ಆರಂಭವಾಗಿ ಐದು ವಾರ ನಡೆಯುತ್ತದೆ. ಆ ಶನಿವಾರಕ್ಕೆ ಐದು ದಿನ ಮುಂಚೆ ನಾನು ಮಿಸ್ಸೋಲಾ ನಗರದಲ್ಲಿರುವ ಅಕ್ಕನ ಮನೆಗೆ ಬಂದಿಳಿದೆ. ಭಾವ ಇಪ್ಪತ್ತು ವರ್ಷಗಳಿಂದ ಬೇಟೆಯಾಡುತ್ತಿರುವವರು. ಹನ್ನೆರಡು ವರ್ಷದ ಅವರ ಮಗಳು ಈ ಸಲ ಬೇಟೆ ಶಿಕ್ಷಣದ ತರಗತಿಗೆ ಸೇರಿದ್ದಳು. ಬೇಟೆ ಎಂಬ ಪದದ ಪಕ್ಕದಲ್ಲಿ ನೀತಿ ಎಂಬ ಪದ ನಿಲ್ಲಬಲ್ಲದೇ ಎಂಬ ಅನುಮಾನ ನನ್ನಲ್ಲಿ ಬಹುಕಾಲದಿಂದ ಇತ್ತು. ಒಂದು ಜೀವವನ್ನು ತೆಗೆಯಲು ಹೊರಟವನು ಯಾವ ನಿಯಮ ಪಾಲಿಸಿದರೆ ಅದು ಒಳ್ಳೆಯ ಕೆಲಸವಾದೀತು ಎಂದು ನಾನು ಭಾವನನ್ನು ಹಿಂದೆಯೂ ಕೇಳಿದ್ದೆ. ಅವರು ವಾದಕ್ಕೆ ಇಳಿಯದೆ, ‘ಒಂದು ಸಲ ಬಂದು ತರಗತಿಯಲ್ಲಿ ಕೂತುಕೊಳ್ಳಿ’ ಎಂದಷ್ಟೇ ಹೇಳಿದ್ದರು.

ಸಂಜೆ ಏಳಕ್ಕೆ ತರಗತಿ. 1985ರ ಜನವರಿ 1ರ ನಂತರ ಹುಟ್ಟಿದ ಯಾರೇ ಆಗಲಿ ಇಂಥ ಶಿಕ್ಷಣ ಮುಗಿಸಿದ ಪ್ರಮಾಣಪತ್ರವಿಲ್ಲದೆ ಈ ರಾಜ್ಯದಲ್ಲಿ ಬೇಟೆಯ ಪರವಾನಗಿ ಪಡೆಯುವಂತಿಲ್ಲ. ಪಾಠ ಹೇಳುವವರು ಸ್ವಯಂಸೇವಕರು. ನಮ್ಮ ಶಿಕ್ಷಕರು ಕೆಲಸದಿಂದ ನಿವೃತ್ತರಾದ, ಮೆಲುದನಿಯ ಹಿರಿಯರು. ಕೋವಿಯ ಭಾಗಗಳಿಂದ ಪಾಠ ಶುರುವಾಗುತ್ತದೆ ಎಂದುಕೊಂಡಿದ್ದ ನನಗೆ ಆಶ್ಚರ್ಯವಾಯಿತು. ಅವರು ಮಕ್ಕಳಿಗೆಲ್ಲ ಜಿಂಕೆಯ ಚಿತ್ರಗಳಿದ್ದ ಹಾಳೆಗಳನ್ನೂ ಕೆಂಪು ಅಂಟುಚುಕ್ಕಿಗಳನ್ನೂ ಹಂಚಿ, ಗುಂಡು ಎಲ್ಲಿ ತಾಗಬೇಕೋ ಅಲ್ಲಿ ಚುಕ್ಕಿ ಅಂಟಿಸಿ ಎಂದರು. ಒಂದು ಚಿತ್ರದಲ್ಲಿ ಜಿಂಕೆ ಪೂರ್ತಿ ಅಡ್ಡಲಾಗಿ ನಿಂತಿತ್ತು, ಇನ್ನೊಂದರಲ್ಲಿ ತುಸು ಓರೆಯಾಗಿ ಆಚೆಗೆ ತಿರುಗಿತ್ತು, ಮೂರನೆಯದರಲ್ಲಿ ನಮಗೆ ಬೆನ್ನು ಹಾಕಿತ್ತು, ನಾಲ್ಕನೆಯದರಲ್ಲಿ ಗುಂಪಿನ ನಡುವೆ ನಿಂತಿತ್ತು. ಮುಂಗಾಲಿನ ಹಿಂದೆ, ಎದೆಗೂಡಿನೊಳಗೆ, ಹೃದಯ ಮತ್ತು ಶ್ವಾಸಕೋಶಗಳಿರುವ ಒಂದು ಗೇಣಿನಷ್ಟು ಜಾಗವೊಂದೇ ಸರಿಯಾದ ಗುರಿ, ಏಕೆಂದರೆ ಅಲ್ಲಿ ಗುಂಡು ಬಿದ್ದರೆ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಮೂರನೆಯ ಮತ್ತು ನಾಲ್ಕನೆಯ ಚಿತ್ರಗಳ ಮೇಲೆ ಬಹುತೇಕ ಮಕ್ಕಳು ಎಲ್ಲೋ ಒಂದು ಕಡೆ ಚುಕ್ಕಿ ಅಂಟಿಸಿದ್ದರು. ಒಬ್ಬ ಹುಡುಗ ಮಾತ್ರ ಅವೆರಡನ್ನೂ ಖಾಲಿ ಬಿಟ್ಟು, ಉತ್ತರ ಗೊತ್ತಾಗಲಿಲ್ಲವೆಂದು ತಲೆತಗ್ಗಿಸಿ ಕುಳಿತಿದ್ದ. ಶಿಕ್ಷಕರು ಅವನ ಹಾಳೆಯನ್ನು ಎತ್ತಿ ಹಿಡಿದು, ಈ ಕೋಣೆಯಲ್ಲಿ ಪೂರ್ತಿ ಸರಿಯಾಗಿರುವುದು ಇದೊಂದೇ ಎಂದರು.

ಆಮೇಲೆ ಅವರು ಹಲಗೆಯ ಮೇಲೆ ಒಂದು ಪ್ರಶ್ನೆ ಬರೆದರು: ಕಾನೂನು ಒಪ್ಪುವುದೆಲ್ಲ ಸರಿಯೇ? ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೆ ಮಾತ್ರ ಬೇಟೆ, ಸೊಂಟದ ಮೇಲ್ಭಾಗದಲ್ಲಿ 400 ಚದರ ಅಂಗುಲದಷ್ಟಾದರೂ ಎದ್ದು ಕಾಣುವ ಕಿತ್ತಳೆ ಬಟ್ಟೆ, ಖಾಸಗಿ ಜಮೀನಿಗೆ ಕಾಲಿಡುವ ಮೊದಲು ಮಾಲೀಕರ ಅನುಮತಿ, ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದಕ್ಕೆ ನಿಷೇಧ, ಇವೆಲ್ಲ ಕಾನೂನಿನಲ್ಲಿವೆ. ಆದರೆ ಆಳವಾದ ಹಿಮದಲ್ಲಿ ಸಿಕ್ಕಿಕೊಂಡು ಓಡಲಾಗದೆ ನಿಂತ ಜಿಂಕೆಗೆ ಗುರಿಯಿಡಬೇಡ ಎಂದು ಯಾವ ಪುಟದಲ್ಲೂ ಇಲ್ಲ. ತಪ್ಪಿಸಿಕೊಳ್ಳಲು ನಿಜವಾದ ಅವಕಾಶವಿರುವ ಕಾಡುಪ್ರಾಣಿಯನ್ನು ಮಾತ್ರ, ಅನುಚಿತವಾದ ಮೇಲುಗೈ ಪಡೆಯದೆ ಬೇಟೆಯಾಡುವುದನ್ನು ಇಲ್ಲಿನವರು ‘ಫೇರ್ ಚೇಸ್’ ಎನ್ನುತ್ತಾರೆ. ಕನ್ನಡದಲ್ಲಿ ನ್ಯಾಯದ ಬೇಟೆ ಎನ್ನಬಹುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಜಾಕ್ಸನ್ ಮತ್ತು ನಾರ್ಟನ್, ಬೇಟೆಗಾರರ ಬೆಳವಣಿಗೆಯಲ್ಲಿ ಗುರುತಿಸಿದ ಐದು ಹಂತಗಳನ್ನೂ ಶಿಕ್ಷಕರು ವಿವರಿಸಿದರು: ಗುಂಡು ಹಾರಿಸುವುದೇ ಖುಷಿಯಾಗಿರುವ ಹಂತ, ಮಿತಿ ಮುಟ್ಟುವಷ್ಟು ಹೊಡೆಯಬೇಕೆನ್ನುವ ಹಂತ, ದೊಡ್ಡ ಕೊಂಬೇ ಬೇಕೆನ್ನುವ ಹಂತ, ಬೇಟೆಯ ವಿಧಾನವೇ ಮುಖ್ಯವಾಗುವ ಹಂತ, ಕೊನೆಗೆ ಬರಿಗೈಯಲ್ಲಿ ಮರಳಿದರೂ ಕಾಡಿನಲ್ಲಿ ಕಳೆದ ದಿನ ಸಾರ್ಥಕವೆನಿಸುವ ಹಂತ. ವಯಸ್ಸಾದಂತೆ ಎಲ್ಲರೂ ತಾವಾಗಿಯೇ ಮೇಲೇರುತ್ತಾರೆಂದು ನಂಬಬೇಡಿ, ಒಂದೇ ಬೆಳಗಿನಲ್ಲಿ ಐದನೆಯದರಿಂದ ಮೂರನೆಯದಕ್ಕೆ ಜಾರಿದವರನ್ನು ನೋಡಿದ್ದೇನೆ ಎಂದು ಅವರು ಸೇರಿಸಿದರು. ಆ ಮಾತಿನ ತೂಕ ನನಗೆ ಅರಿವಾದದ್ದು ಶನಿವಾರ.

ಎರಡನೆಯ ದಿನ, ಮಂಗಳವಾರ

ಮಧ್ಯಾಹ್ನ ಭಾವನ ಜೊತೆ ಊರ ಹೊರಗಿನ ಗುರಿ ಅಭ್ಯಾಸದ ಮೈದಾನಕ್ಕೆ ಹೋದೆ. ಎಲ್ಲ ಕೋವಿಗಳಲ್ಲೂ ಗುಂಡು ಇದೆಯೆಂದೇ ತಿಳಿ, ನಳಿಗೆಯನ್ನು ಸುರಕ್ಷಿತ ದಿಕ್ಕಿನಲ್ಲೇ ಇಡು, ಗುರಿ ಖಚಿತವಾಗುವವರೆಗೆ ಬೆರಳನ್ನು ಟ್ರಿಗರ್‌ನಿಂದ ಹೊರಗಿಡು, ಗುರಿಯನ್ನಲ್ಲದೆ ಅದರ ಹಿಂದೆ ಏನಿದೆ ಎಂಬುದನ್ನೂ ತಿಳಿದುಕೋ ಎಂಬ ನಾಲ್ಕು ನಿಯಮಗಳನ್ನು ಅವರು ನನ್ನಿಂದ ಹೇಳಿಸಿದ ಮೇಲೆಯೇ ಪೆಟ್ಟಿಗೆ ತೆರೆದರು.

ಅಭ್ಯಾಸದ ಗುರಿ ಎಂಟು ಅಂಗುಲ ಅಗಲದ ಕಾಗದದ ತಟ್ಟೆ, ಅಂದರೆ ಸುಮಾರಾಗಿ ಜಿಂಕೆಯ ಎದೆಯೊಳಗಿನ ಆ ಗೇಣು ಜಾಗ. ಮೇಜಿನ ಮೇಲೆ ಕೋವಿಯನ್ನು ಆನಿಸಿ ಹೊಡೆದರೆ ಮುನ್ನೂರು ಗಜದಲ್ಲೂ ಅವರ ಗುಂಡು ತಟ್ಟೆಯಿಂದಾಚೆ ಹೋಗಲಿಲ್ಲ. ಆದರೆ ಕಾಡಿನಲ್ಲಿ ಮೇಜು ಇರುವುದಿಲ್ಲವಲ್ಲ ಎಂದು ಹೇಳಿ ಅವರು ನೆಲದ ಮೇಲೆ ಕುಳಿತು, ಮೊಣಕಾಲಿಗೆ ಮೊಣಕೈ ಆನಿಸಿ, ಒಂದೊಂದು ದೂರಕ್ಕೂ ಐದೈದು ಗುಂಡು ಹೊಡೆದರು. ನೂರು ಗಜದಲ್ಲಿ ಐದಕ್ಕೆ ಐದು, ಇನ್ನೂರರಲ್ಲೂ ಐದಕ್ಕೆ ಐದು, ಇನ್ನೂರ ಐವತ್ತರಲ್ಲಿ ಮೂರು. ಕೋವಿಯ ಹಿಡಿಯ ಮೇಲೆ ಬಿಳಿಯ ಪಟ್ಟಿ ಅಂಟಿಸಿ ಅದರ ಮೇಲೆ ‘200’ ಎಂದು ಬರೆದರು. ‘ಇದು ಕೋವಿಯ ಮಿತಿಯಲ್ಲ, ನನ್ನದು’ ಎಂದರು.

ಅವರ ಗುಂಡುಗಳು ತಾಮ್ರದವು. ಸೀಸದ ಗುಂಡು ದೇಹಕ್ಕೆ ಬಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಗಾಯದ ಸುತ್ತ ಚದುರುತ್ತದೆ. ಬೇಟೆಗಾರ ಕಾಡಿನಲ್ಲೇ ಬಿಟ್ಟುಬಂದ ಕರುಳನ್ನು ತಿಂದ ಹದ್ದುಗಳ ರಕ್ತಕ್ಕೆ ಆ ಸೀಸ ಸೇರುತ್ತದೆ. ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ಅಮೆರಿಕದಾದ್ಯಂತ 1991ರಿಂದಲೇ ನಿಷೇಧಿಸಲಾಗಿದೆ. ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈಯಿಂದ ಎಲ್ಲ ಬಗೆಯ ಬೇಟೆಗೂ ಸೀಸ ಕೂಡದೆಂದು ಹೇಳಿದೆ. ಇಲ್ಲಿ ಜಿಂಕೆಯ ಬೇಟೆಗೆ ಅಂಥ ಕಟ್ಟಳೆಯಿಲ್ಲದಿದ್ದರೂ ಭಾವ ತಾವಾಗಿಯೇ ಬದಲಾಯಿಸಿಕೊಂಡಿದ್ದರು. ನಾನು ಇದನ್ನು ಸಣ್ಣ ಸಂಗತಿಯೆಂದು ತಿಳಿಯುವುದಿಲ್ಲ. ತಾನು ಹೊಡೆಯದ ಪ್ರಾಣಿಗೂ ತನ್ನ ಗುಂಡು ತಾಗಬಹುದು ಎಂದು ಯೋಚಿಸುವವನಿಗೆ ಹೊಣೆಯ ಅರ್ಥ ಗೊತ್ತಿದೆ.

ಮೂರನೆಯ ದಿನ, ಬುಧವಾರ

ಮಿಸ್ಸೋಲಾದ ನಡುವೆ ಹರಿಯುವ ಕ್ಲಾರ್ಕ್ ಫೋರ್ಕ್ ನದಿಯ ದಡದಲ್ಲಿ, ಹಳೆಯ ಮಿಲ್ವಾಕಿ ರೈಲು ನಿಲ್ದಾಣದ ಇಟ್ಟಿಗೆ ಕಟ್ಟಡದಲ್ಲಿ, ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ಕಚೇರಿ ಇದೆ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್, ಜಾರ್ಜ್ ಬರ್ಡ್ ಗ್ರಿನೆಲ್ ಮೊದಲಾದವರು ಸ್ಥಾಪಿಸಿದ ಈ ಸಂಸ್ಥೆಯೇ ನ್ಯಾಯದ ಬೇಟೆಯ ಕಲ್ಪನೆಯನ್ನು ಬೆಳೆಸಿತು. ಹೊರಗೆ ನದಿಯಂಚಿನಲ್ಲಿ ನಡೆಯುತ್ತ ನಾನು 1902ರ ಒಂದು ಘಟನೆಯನ್ನು ನೆನೆದೆ. ಮಿಸಿಸಿಪ್ಪಿಯ ಬೇಟೆಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಕರಡಿ ಸಿಗಲಿಲ್ಲವೆಂದು ಮಾರ್ಗದರ್ಶಿ ಹೋಲ್ಟ್ ಕಾಲಿಯರ್ ಒಂದು ಕರಡಿಯನ್ನು ಮರಕ್ಕೆ ಕಟ್ಟಿಹಾಕಿ ಅವರನ್ನು ಕರೆಸಿದರು. ಕಟ್ಟಿದ ಪ್ರಾಣಿಗೆ ಗುಂಡು ಹಾರಿಸಲು ರೂಸ್‌ವೆಲ್ಟ್ ಒಪ್ಪಲಿಲ್ಲ. ಮಕ್ಕಳ ಗೊಂಬೆಗೆ ಟೆಡ್ಡಿ ಎಂಬ ಹೆಸರು ಬಂದದ್ದು ಹೀಗೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಥೆಯ ಉಳಿದರ್ಧವನ್ನು ಜನ ಹೇಳುವುದಿಲ್ಲ: ಆ ಕರಡಿ ಆಗಲೇ ತೀವ್ರವಾಗಿ ಗಾಯಗೊಂಡಿತ್ತು, ಅದರ ನರಳಾಟವನ್ನು ಕೊನೆಗಾಣಿಸಿ ಎಂದು ಅವರೇ ಹೇಳಿದರು. ತಾನು ಹೊಡೆಯದಿದ್ದರೆ ತನ್ನ ಕೈ ಶುದ್ಧ ಎಂದು ಬೆನ್ನು ತಿರುಗಿಸಿ ಹೋಗಲಿಲ್ಲ ಎಂಬ ಆ ಭಾಗವೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ.

ನಾಲ್ಕನೆಯ ದಿನ, ಗುರುವಾರ

ಅಕ್ಕ ನನ್ನನ್ನು ಮೋಯೀಸ್ ಬಳಿಯ ಕಾಡೆಮ್ಮೆಗಳ (ಬೈಸನ್) ಸಂರಕ್ಷಿತ ಪ್ರದೇಶಕ್ಕೆ ಕರೆದೊಯ್ದಳು. 1908ರಲ್ಲಿ ಆರಂಭವಾದ, ಸುಮಾರು 18,800 ಎಕರೆಯ ಈ ಹುಲ್ಲುಗುಡ್ಡಗಳ ನೆಲವನ್ನು 2020ರ ಕಾಯಿದೆಯೊಂದು ಅದರ ಮೂಲ ಒಡೆಯರಾದ ಸೇಲಿಶ್ ಮತ್ತು ಕೂಟೆನಾಯ್ ಬುಡಕಟ್ಟುಗಳಿಗೆ ಮರಳಿಸಿತು. ಇಳಿಜಾರಿನಲ್ಲಿ ಮೇಯುತ್ತಿದ್ದ ಹಿಂಡನ್ನು ನೋಡುತ್ತ ನಾವು ಬಹಳ ಹೊತ್ತು ನಿಂತೆವು. ಈ ಖಂಡದಲ್ಲಿ ಕೋಟಿಗಳ ಲೆಕ್ಕದಲ್ಲಿದ್ದ ಕಾಡೆಮ್ಮೆಗಳು 1880ರ ದಶಕ ಮುಗಿಯುವ ಹೊತ್ತಿಗೆ ಕೆಲವು ನೂರಕ್ಕೆ ಇಳಿದಿದ್ದವು. ಚರ್ಮದ ವ್ಯಾಪಾರಕ್ಕಾಗಿ ಬಂದವರು ದೂರಗಾಮಿ ಕೋವಿಗಳಿಂದ ಒಂದೇ ಜಾಗದಲ್ಲಿ ಕುಳಿತು ಹಿಂಡಿಗೆ ಹಿಂಡನ್ನೇ ಉರುಳಿಸಿ, ಚರ್ಮ ಸುಲಿದುಕೊಂಡು, ಮಾಂಸವನ್ನು ಕೊಳೆಯಲು ಬಿಟ್ಟರು. ಅವರಲ್ಲಿ ಬಹಳ ಮಂದಿ ಯಾವ ಕಾನೂನನ್ನೂ ಮುರಿದಿರಲಿಲ್ಲ, ಏಕೆಂದರೆ ಅವರನ್ನು ತಡೆಯಬಲ್ಲ ಕಾನೂನೇ ಆಗ ಇರಲಿಲ್ಲ. ಸೋಮವಾರ ಹಲಗೆಯ ಮೇಲೆ ಕಂಡ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾಗಿರಲಿಲ್ಲ.

ಕಾನೂನು ಆಮೇಲೆ ಬಂತು. ಕದ್ದು ಕೊಂದ ಕಾಡುಪ್ರಾಣಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು 1900ರ ಲೇಸಿ ಕಾಯಿದೆ ಅಪರಾಧವೆಂದಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ರೈಫಲ್ ಮತ್ತು ಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನಶ್ಚೇತನಕ್ಕೆ ಮೀಸಲಿಟ್ಟಿತು. ಬೇಟೆಗಾರರೇ ಕೇಳಿ ಪಡೆದ ತೆರಿಗೆ ಅದು ಎಂದು ಭಾವ ಹೆಮ್ಮೆಯಿಂದ ಹೇಳುವುದುಂಟು. ಅಕ್ಕ ಬೇಟೆಗೆ ಹೋಗುವವಳಲ್ಲ. ಹಿಂದಿರುಗುವಾಗ ಅವಳು, ‘ನಿನ್ನ ಭಾವ ಬರಿಗೈಯಲ್ಲಿ ಬಂದ ದಿನ ನಾನು ಏನೂ ಕೇಳುವುದಿಲ್ಲ. ಏನಾದರೂ ತಂದ ದಿನ ಮಾತ್ರ ಅದು ಹೇಗೆ ಸತ್ತಿತು ಎಂದು ಕೇಳುತ್ತೇನೆ. ಮದುವೆಯಾದಾಗಿನಿಂದ ಹಾಗೇ ನಡೆದು ಬಂದಿದೆ’ ಎಂದಳು.

ಐದನೆಯ ದಿನ, ಶುಕ್ರವಾರ

ಶಾಲೆ ಬಿಟ್ಟ ಮೇಲೆ ಭಾವ, ಅವರ ಮಗಳು, ನಾನು ಮೂವರೂ ಬ್ಲ್ಯಾಕ್‌ಫುಟ್ ಕಣಿವೆಯ ಜಾನುವಾರು ಸಾಕಣೆಗಾರರೊಬ್ಬರ ಮನೆಗೆ ಹೋದೆವು. ಭಾವ ಅಲ್ಲಿ ಎಂಟು ವರ್ಷಗಳಿಂದ ಬೇಟೆಯಾಡುತ್ತಿದ್ದರೂ ಪ್ರತಿ ವರ್ಷ ಹೊಸದಾಗಿ ಅನುಮತಿ ಕೇಳುತ್ತಾರೆ, ಬೇಸಿಗೆಯಲ್ಲಿ ಎರಡು ದಿನ ಬೇಲಿ ದುರಸ್ತಿಗೆ ಹೋಗುತ್ತಾರೆ. ಈ ಸಲ ಕೇಳಬೇಕಾದವಳು ಮಗಳು. ಅವಳು ತಡವರಿಸುತ್ತ ಕೇಳಿದಳು. ಮಾಲೀಕರು ಹಸುಗಳು ಎಲ್ಲಿವೆ, ಯಾವ ಗೇಟನ್ನು ಮುಚ್ಚಿಯೇ ಇಡಬೇಕು, ಪಶ್ಚಿಮದ ಬೇಲಿಯಾಚೆಯ ಜಮೀನು ಬೇರೆಯವರದು ಎಂಬುದನ್ನೆಲ್ಲ ಅವಳಿಗೇ ನೇರವಾಗಿ ಹೇಳಿದರು.

ಆರನೆಯ ದಿನ, ಶನಿವಾರ

ನಸುಕಿನ ನಾಲ್ಕಕ್ಕೆ ಹೊರಟು, ವಾಹನ ನಿಲ್ಲಿಸಿ, ಗಾಳಿಗೆ ಎದುರಾಗಿ ಒಂದು ಗಂಟೆ ನಡೆದೆವು. ಮೂವರ ಮೈಮೇಲೂ ಕಿತ್ತಳೆ ಬಟ್ಟೆ. ಗ್ರಿಜ್ಲಿ ಕರಡಿಗಳ ನೆಲವಾದ್ದರಿಂದ ಎಲ್ಲರ ಸೊಂಟದಲ್ಲೂ ಕರಡಿ ಸ್ಪ್ರೇ ಇತ್ತು. ಕೋವಿ ಭಾವನ ಕೈಯಲ್ಲಿ ಮಾತ್ರ. ತರಗತಿ ಇನ್ನೂ ಮುಗಿಯದ ಮಗಳು ದುರ್ಬೀನನ್ನೂ ದೂರ ಅಳೆಯುವ ಸಾಧನವನ್ನೂ ಹೊತ್ತಿದ್ದಳು. ಬೆಳಗಿನ ಹತ್ತರ ಹೊತ್ತಿಗೆ ಗುಡ್ಡದ ನೆತ್ತಿಯ ಮೇಲೆ, ನೂರೈವತ್ತು ಗಜದಲ್ಲಿ, ಒಂದು ಗಂಡು ಮ್ಯೂಲ್ ಜಿಂಕೆ ಅಡ್ಡಲಾಗಿ ನಿಂತಿತು. ಭಾವ ಕೋವಿ ಎತ್ತಲೇ ಇಲ್ಲ. ಮಗಳು ನನ್ನ ಕಿವಿಯಲ್ಲಿ, ‘ಅದರ ಹಿಂದೆ ಬರೀ ಆಕಾಶ ಇದೆ ಮಾಮ’ ಎಂದಳು. ಗುರಿ ತಪ್ಪಿದ ಗುಂಡನ್ನು ತಡೆಯಲು ಆಚೆ ಮಣ್ಣಿಲ್ಲ, ಗುಡ್ಡದಾಚೆ ಏನಿದೆಯೋ ಕಾಣುವುದಿಲ್ಲ. ಅರ್ಧ ನಿಮಿಷದಲ್ಲಿ ಜಿಂಕೆ ಮರೆಯಾಯಿತು. ನೀತಿಪಾಠವನ್ನು ಕಣ್ಣಾರೆ ಕಂಡೆ ಎಂಬ ತೃಪ್ತಿ ನನಗಾಯಿತು.

ಮಧ್ಯಾಹ್ನ ಮೂರೂ ನಲವತ್ತಕ್ಕೆ ಇನ್ನೊಂದು ಕಾಣಿಸಿತು. ಇಷ್ಟು ಅಗಲದ ಕೊಂಬನ್ನು ಎಂಟು ವರ್ಷಗಳಲ್ಲಿ ಈ ಜಮೀನಿನಲ್ಲಿ ಕಂಡಿರಲಿಲ್ಲವೆಂದು ಭಾವ ಆಮೇಲೆ ಹೇಳಿದರು. ಎದುರಿನ ಇಳಿಜಾರಿನಲ್ಲಿ, ಹಿಂದೆ ಮಣ್ಣಿನ ಗೋಡೆಯಿರುವಂತೆ, ಅದು ಮೇಯುತ್ತ ನಿಂತಿತ್ತು. ಮಗಳು ಸಾಧನದಲ್ಲಿ ನೋಡಿ, ‘ಅಪ್ಪ, ಇನ್ನೂರ ಅರವತ್ತು’ ಎಂದಳು. ಭಾವ ನೆಲದ ಮೇಲೆ ಕುಳಿತು ಮೊಣಕಾಲಿಗೆ ಮೊಣಕೈ ಆನಿಸಿದರು. ಅವಳು ಇನ್ನೊಮ್ಮೆ, ಮೊದಲಿಗಿಂತ ಸಣ್ಣ ದನಿಯಲ್ಲಿ, ‘ಇನ್ನೂರ ಅರವತ್ತು’ ಎಂದಳು. ಕೋವಿಯ ಹಿಡಿಯ ಮೇಲಿನ ಬಿಳಿಯ ಪಟ್ಟಿ ನನಗೆ ಕಾಣುತ್ತಿತ್ತು. ಭಾವ ಗುಂಡು ಹಾರಿಸಿದರು.

ಅಷ್ಟು ದೂರ ಹೋಗಲು ಗುಂಡಿಗೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಕಾಲ ಬೇಕು. ಆ ಹೊತ್ತಿನಲ್ಲಿ ಜಿಂಕೆ ಒಂದು ಹೆಜ್ಜೆ ಮುಂದಿಟ್ಟಿತ್ತು. ಅದು ಬೀಳಲಿಲ್ಲ, ಚಿಮ್ಮಿ ಓಡಲೂ ಇಲ್ಲ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿಕೊಂಡು ನಿಧಾನವಾಗಿ ಮರಗಳ ಕಡೆಗೆ ನಡೆಯಿತು. ಇನ್ನೊಂದು ಗುಂಡಿಗೆ ಅವಕಾಶವಾಗಲಿಲ್ಲ. ಭಾವನ ಮುಖ ಬಿಳಿಚಿಕೊಂಡಿತು. ಬೆನ್ನು ಬಾಗಿದರೆ ಗುಂಡು ಹೊಟ್ಟೆಗೆ ಬಿದ್ದಿದೆ ಎಂದರ್ಥ ಎಂದು ಹೇಳಿದರು. ಸದ್ದಿಲ್ಲದೆ ಹೋಗಿ ನೋಡಿದಾಗ ಹುಲ್ಲಿನ ಮೇಲೆ ಇದ್ದ ರಕ್ತ ಶ್ವಾಸಕೋಶದ ನೊರೆಗೂಡಿದ ತಿಳಿಗೆಂಪು ರಕ್ತವಾಗಿರಲಿಲ್ಲ, ಹಸಿರು ಬೆರೆತ ಕಪ್ಪು ರಕ್ತವಾಗಿತ್ತು.

ಮುಂದಿನ ಎರಡೂವರೆ ಗಂಟೆ ಈ ಪ್ರವಾಸದ ಅತ್ಯಂತ ಕಷ್ಟದ ಹೊತ್ತು. ಎದೆಗೆ ಬಿದ್ದ ಪ್ರಾಣಿಯ ಹಿಂದೆ ಹೋಗಲು ಅರ್ಧ ಗಂಟೆ ಕಾದರೆ ಸಾಕು. ಹೊಟ್ಟೆಗೆ ಬಿದ್ದದ್ದಾದರೆ ಹಲವು ಗಂಟೆ ಕಾಯಬೇಕು. ಕೂಡಲೇ ಬೆನ್ನಟ್ಟಿದರೆ ಅದು ಹೆದರಿ, ಇರುವ ಬಲವನ್ನೆಲ್ಲ ಕೂಡಿಸಿಕೊಂಡು ಮೈಲಿಗಟ್ಟಲೆ ಓಡುತ್ತದೆ, ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಎಲ್ಲೋ ಒಂದು ಜೀವ ನರಳುತ್ತಿದೆ, ಅದಕ್ಕಾಗಿ ಮಾಡಬಹುದಾದದ್ದು ಸುಮ್ಮನೆ ಕೂರುವುದು ಮಾತ್ರ. ಮಗಳು ಅಪ್ಪನ ಪಕ್ಕದಲ್ಲಿ ಕೂರಲಿಲ್ಲ, ನನ್ನ ಪಕ್ಕಕ್ಕೆ ಬಂದು ಕೂತಳು.

ಆರೂಕಾಲಿಗೆ ಜಾಡು ಹಿಡಿದೆವು. ರಕ್ತ ಕಂಡಲ್ಲೆಲ್ಲ ಮಗಳು ಕಾಗದದ ಪಟ್ಟಿ ಕಟ್ಟುತ್ತ ಬಂದಳು. ಒಂದು ಹನಿಯಿಂದ ಮುಂದಿನ ಹನಿಗೆ ಕೆಲವೆಡೆ ಹತ್ತು ನಿಮಿಷ ಹಿಡಿಯಿತು. ಬೆಳಕು ಕಂದುವ ಹೊತ್ತಿಗೆ ಪಶ್ಚಿಮದ ಬೇಲಿಗೆ ಬಂದೆವು. ಕೆಳಗಿನ ತಂತಿಯ ಮೇಲೆ ರಕ್ತ ಮತ್ತು ಕೂದಲು ಅಂಟಿದ್ದವು. ಬೇಲಿಯ ಕಂಬಕ್ಕೆ ಕಿತ್ತಳೆ ಬಣ್ಣ ಬಳಿದಿತ್ತು. ಈ ರಾಜ್ಯದಲ್ಲಿ ಅದರ ಅರ್ಥ ಒಳಗೆ ಬರಬಾರದು ಎಂದು, ಗಾಯಗೊಂಡ ಪ್ರಾಣಿಯನ್ನು ಹುಡುಕಲು ಹೋಗುವವನಿಗೂ ಅನುಮತಿ ಬೇಕು. ಸುತ್ತ ಕಣ್ಣು ಹಾಯುವಷ್ಟು ದೂರ ಒಂದು ದೀಪವೂ ಇರಲಿಲ್ಲ.

‘ಭಾವ, ನರಳುವ ಪ್ರಾಣಿಗಿಂತ ಈ ಬೇಲಿ ದೊಡ್ಡದೇ?’ ಎಂದು ಕೇಳಿದೆ. ಕೋಪದಿಂದಲೇ ಕೇಳಿದೆ.

ಅವರು ಕೋವಿಯಿಂದ ಗುಂಡುಗಳನ್ನು ತೆಗೆದರು. ‘ಕೇಳೋಣ. ಕೇಳದೆ ಹೋದರೆ ಮಾಡಿದ ತಪ್ಪಿಗೆ ಇನ್ನೊಂದು ಸೇರುತ್ತದೆ, ಅಷ್ಟೆ’ ಎಂದರು.

ಅವರ ಮಾತು ಸರಿಯೋ ನನ್ನದು ಸರಿಯೋ ಎಂದು ಇವತ್ತಿಗೂ ತೀರ್ಮಾನಿಸಲು ನನಗೆ ಆಗಿಲ್ಲ. ಫೋನಿಗೆ ಸಿಗ್ನಲ್ ಸಿಗುವ ಜಾಗಕ್ಕೆ ನಡೆದು, ನಮ್ಮ ಮಾಲೀಕರಿಂದ ಪಕ್ಕದವರ ಸಂಖ್ಯೆ ಪಡೆದು, ಅವರು ಕರೆಗೆ ಸಿಗುವಾಗ ರಾತ್ರಿ ಒಂಬತ್ತಾಗಿತ್ತು. ರಾತ್ರಿ ಬೇಡ, ಬೆಳಕಾದ ಮೇಲೆ ನಡೆದುಕೊಂಡು ಹೋಗಿ ಎಂದು ಅವರು ಒಪ್ಪಿದರು. ಮನೆಗೆ ಬಂದಾಗ ಅಕ್ಕ ಎಂದಿನ ಪ್ರಶ್ನೆ ಕೇಳಲಿಲ್ಲ, ಭಾವನ ಕೈ ಬರಿದಾಗಿದ್ದುದನ್ನು ನೋಡಿದ್ದಳು. ಅವರೇ ಎಲ್ಲವನ್ನೂ ಹೇಳಿದರು.

ಏಳನೆಯ ದಿನ, ಭಾನುವಾರ

ನಮಗೆ ದಾರಿ ತೋರಿಸಿದ್ದು ಮ್ಯಾಗ್‌ಪೈ ಹಕ್ಕಿಗಳ ಗದ್ದಲ. ಗ್ರಿಜ್ಲಿ ಬಂದಿರಬಹುದೆಂಬ ಎಚ್ಚರದಿಂದ ಗಟ್ಟಿಯಾಗಿ ಮಾತಾಡುತ್ತ ಹತ್ತಿರ ಹೋದೆವು. ಬೇಲಿಯಿಂದ ನಾನೂರು ಗಜ ಆಚೆ, ತೊರೆಯ ಬದಿಯ ಪೊದೆಯಲ್ಲಿ ಜಿಂಕೆ ಸತ್ತು ಬಿದ್ದಿತ್ತು. ಕೊಯೋಟಿ ಎಂಬ ಕಾಡುನಾಯಿಗಳು ಒಂದು ಹಿಂಗಾಲನ್ನು ತಿಂದಿದ್ದವು. ಅದು ಮಲಗಿದ್ದ ಜಾಗದ ಹುಲ್ಲು ಮೂರು ಕಡೆ ಒತ್ತಿಹೋಗಿತ್ತು. ಎದ್ದು, ಸರಿದು, ಮತ್ತೆ ಮಲಗಿತ್ತು ಎಂಬುದು ತಿಳಿಯುತ್ತಿತ್ತು. ಭಾವ ಆ ಮೂರೂ ಜಾಗಗಳನ್ನು ಮಗಳಿಗೆ ತೋರಿಸಿದರು. ಹನ್ನೆರಡರ ಹುಡುಗಿಗೆ ಇದನ್ನು ತೋರಿಸಬೇಕೇ ಎಂದು ನಾನು ಯೋಚಿಸುತ್ತಿರುವಾಗಲೇ ಅವಳು ಮೊಣಕಾಲೂರಿ ಹುಲ್ಲನ್ನು ಮುಟ್ಟಿ ನೋಡಿದಳು.

ಪರವಾನಗಿ ಚೀಟಿಯಲ್ಲಿ ದಿನ ಮತ್ತು ತಿಂಗಳನ್ನು ಗುರುತಿಸಿ ಜಿಂಕೆಗೆ ಕಟ್ಟಿದರು. ಅಲ್ಲಿಗೆ ಅವರ ಈ ವರ್ಷದ ಜಿಂಕೆ ಬೇಟೆ ಮುಗಿಯಿತು. ಅದು ಸಿಗದೇ ಹೋಗಿದ್ದರೂ ಆ ಚೀಟಿಯನ್ನು ಬಳಸುತ್ತಿರಲಿಲ್ಲ ಎಂದರು. ಕರುಳು ಒಡೆದು ಕೆಟ್ಟ ಭಾಗವನ್ನು ಬಿಟ್ಟು, ಉಳಿದ ಒಳ್ಳೆಯ ಮಾಂಸವನ್ನು ಮೂರು ಗಂಟೆ ಕುಳಿತು ಬಿಡಿಸಿದೆವು. ಕೊಂಬಿನ ಸಮೇತ ತಲೆಯನ್ನು ಅವರು ತೆಗೆದುಕೊಂಡದ್ದು ಪ್ರಾಣಿಯ ಗುರುತಿಗಾಗಿ ಮಾತ್ರ. ದಾರಿಯಲ್ಲಿ ಬಾನರ್ ಎಂಬಲ್ಲಿನ ತಪಾಸಣೆ ಕೇಂದ್ರದಲ್ಲಿ ಪ್ರತಿಯೊಬ್ಬ ಬೇಟೆಗಾರನೂ, ಏನೂ ಸಿಗದವನೂ, ನಿಲ್ಲಲೇಬೇಕು. ಸಿಬ್ಬಂದಿ ಹಲ್ಲು ನೋಡಿ ಜಿಂಕೆಯ ವಯಸ್ಸನ್ನು ಅಂದಾಜಿಸಿ, 2017ರಲ್ಲಿ ಈ ರಾಜ್ಯದ ಕಾಡುಜಿಂಕೆಗಳಲ್ಲಿ ಮೊದಲ ಬಾರಿ ಪತ್ತೆಯಾದ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ಎಂಬ, ಜಿಂಕೆಯನ್ನು ಸೊರಗಿಸಿ ಕೊಲ್ಲುವ ಕಾಯಿಲೆಯ ಪರೀಕ್ಷೆಗೆ ಕುತ್ತಿಗೆಯ ಗ್ರಂಥಿಯ ಮಾದರಿ ತೆಗೆದುಕೊಂಡರು. ಮಾಂಸ ಏಕೆ ಇಷ್ಟು ಕಡಿಮೆ ಎಂದು ಅವರು ಕೇಳಿದಾಗ ಭಾವ ಕೊಯೋಟಿಗಳ ಹೆಸರು ಹೇಳಿ ಮುಗಿಸಬಹುದಿತ್ತು. ಇನ್ನೂರ ಅರವತ್ತು ಗಜದಿಂದ ಹೊಡೆದೆ ಎಂಬಲ್ಲಿಂದ ಶುರುಮಾಡಿದರು.

ಎಂಟನೆಯ ದಿನ, ಸೋಮವಾರ

ತರಗತಿಯ ಆರಂಭದಲ್ಲಿ ಭಾವ ಶಿಕ್ಷಕರಿಂದ ಹತ್ತು ನಿಮಿಷ ಕೇಳಿ ಪಡೆದರು. ಹಲಗೆಯ ಮೇಲೆ ಇಳಿಜಾರು, ಬೇಲಿ, ತೊರೆ ಬರೆದು, ಮಂಗಳವಾರ ತಟ್ಟೆಗೆ ಹೊಡೆದ ಐದೈದು ಗುಂಡುಗಳ ಲೆಕ್ಕದಿಂದ ಹಿಡಿದು ಒತ್ತಿಹೋದ ಹುಲ್ಲಿನವರೆಗೆ ಯಾವುದನ್ನೂ ಬಿಡದೆ ಹೇಳಿದರು. ಬಿಳಿಯ ಪಟ್ಟಿಯನ್ನು ಕಿತ್ತು ತಂದಿದ್ದರು, ಅದನ್ನು ಮಕ್ಕಳ ಕೈಗೆ ಕೊಟ್ಟರು. ಅದು ಮೇಜಿನಿಂದ ಮೇಜಿಗೆ ಹೋಯಿತು.

ಹಾಳೆಯನ್ನು ಖಾಲಿ ಬಿಟ್ಟಿದ್ದ ಹುಡುಗ ಕೈಯೆತ್ತಿದ. ಜಿಂಕೆ ಅಲ್ಲೇ ಬಿದ್ದಿದ್ದರೆ ನೀವು ಇದನ್ನು ನಮಗೆ ಹೇಳುತ್ತಿದ್ದಿರಾ ಎಂದು ಕೇಳಿದ.

ಭಾವ ಮಗಳ ಕಡೆಗೆ ನೋಡಿದರು. ‘ಇಲ್ಲ, ಹೇಳುತ್ತಿರಲಿಲ್ಲ. ಕೊಂಬನ್ನು ತಂದು ತೋರಿಸುತ್ತಿದ್ದೆ’ ಎಂದರು.

ಶಿಕ್ಷಕರು ಹೊಸ ಹಾಳೆಗಳನ್ನು ಹಂಚಿದರು. ಈ ಸಲ ಪ್ರತಿ ಜಿಂಕೆಯ ಕೆಳಗೂ ದೂರವನ್ನು ಬರೆದಿತ್ತು. ಭಾವ ತಮಗೂ ಒಂದು ಹಾಳೆ ಕೇಳಿ ತೆಗೆದುಕೊಂಡು, ಮಗಳ ಪಕ್ಕದ ಸಣ್ಣ ಕುರ್ಚಿಯಲ್ಲಿ ಕುಳಿತರು.